ಕಾಲು ಮೇಲಿಟ್ಟರೆ ಹಾಯೆನಿಸುತ್ತದೋ, ಇಳಿಬಿಟ್ಟರೋ?

ಸಂಜೆಯಾದರೆ ಕಾಲು ಭಾರ, ಪಾದ ಊದಿಕೊಂಡಿರುತ್ತದೆ, ದಿಂಬಿನ ಮೇಲಿಟ್ಟು ಮಲಗಿದರೆ ಹಾಯೆನಿಸುತ್ತದೆ. ಹೀಗಿದ್ದರೆ ತೊಂದರೆ ಹೆಚ್ಚಾಗಿ ಅಭಿಧಮನಿಯದ್ದು, ಅಂದರೆ ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳದ್ದು. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ, ರಾತ್ರಿ ನೋವಿಗೆ ಕಾಲನ್ನು ಮಂಚದಿಂದ ಇಳಿಬಿಟ್ಟರೇ ಸಮಾಧಾನ ಅನ್ನುವವರು ಅಪಧಮನಿಯನ್ನು, ಅಂದರೆ ಹೃದಯದಿಂದ ಕಾಲಿಗೆ ರಕ್ತ ತರುವ ನಾಳವನ್ನು, ವೈದ್ಯರಿಗೆ ತೋರಿಸಿಕೊಳ್ಳಬೇಕು. ಎರಡೂ ಕಾಲುನೋವೇ. ಆದರೆ ಒಂದರ ಮದ್ದು ಇನ್ನೊಂದಕ್ಕೆ ಅಪಾಯ.

ನಿಂತಾಗ ಕಾಲಿನ ರಕ್ತ ಮೇಲೇರಬೇಕಲ್ವಾ? ಹೆಜ್ಜೆ ಹಾಕಿದಾಗೆಲ್ಲ ಮೀನಖಂಡದ ಸ್ನಾಯು ಅಭಿಧಮನಿಯನ್ನು ಹಿಂಡುತ್ತದೆ, ಒಳಗಿನ ಪುಟ್ಟ ಕವಾಟಗಳು ರಕ್ತ ಕೆಳಗೆ ಜಾರದಂತೆ ಮುಚ್ಚಿಕೊಳ್ಳುತ್ತವೆ. ಇಟಲಿಯ ಪಡುವಾ ಊರಿನ ವೈದ್ಯ ಫ್ಯಾಬ್ರಿಶಿಯಸ್ 1603ರಲ್ಲೇ ಈ ಕವಾಟಗಳ ಚಿತ್ರ ಪ್ರಕಟಿಸಿದ್ದ. ಅವು ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುತ್ತವೆ ಎಂದು 1628ರಲ್ಲಿ ತೋರಿಸಿದವನು ಅವನ ಶಿಷ್ಯ, ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ. ಸುಮ್ನೆ ನಿಂತವರ ಪಾದದ ಗಂಟಿನ ಬಳಿ ಅಭಿಧಮನಿಯ ಒತ್ತಡ ಸುಮಾರು 80-90 ಮಿ.ಮೀ. ಪಾದರಸದಷ್ಟಿರುತ್ತದೆ, ನಡೆದಾಗ 30ರ ಆಸುಪಾಸಿಗೆ ಇಳಿಯುತ್ತದೆ. ಹೋಟೆಲ್ ಅಡುಗೆಯವರು, ಟ್ರಾಫಿಕ್ ಪೊಲೀಸರು, ಬಟ್ಟೆ ಅಂಗಡಿಯ ಹುಡುಗಿಯರು ದಿನವಿಡೀ ನಿಂತೇ ಇರುತ್ತಾರೆ, ನಡೆಯುವುದು ಕಡಿಮೆ. ಕವಾಟ ಸೋರತೊಡಗಿದರೆ ನಾಳ ಉಬ್ಬುತ್ತದೆ, ಪಾದದ ಗಂಟಿನ ಮೇಲಿನ ಚರ್ಮ ಕಪ್ಪಾಗುತ್ತದೆ, ಆಮೇಲೆ ಬೇಗ ಮಾಯದ ಹುಣ್ಣು. ಇವರಿಗೆ ಬಿಗಿ ಸ್ಟಾಕಿಂಗ್ಸ್, ಅಂದರೆ ಕಾಲನ್ನು ಒತ್ತಿ ಹಿಡಿಯುವ ಉದ್ದನೆಯ ಕಾಲುಚೀಲ, ನಿಜಕ್ಕೂ ಒಳ್ಳೆಯದು.

ಅಪಧಮನಿ ಕಟ್ಟಿಕೊಂಡ ಕಾಲಿಗೆ ಅದೇ ಸ್ಟಾಕಿಂಗ್ಸ್ ಹಾಕಿದರೆ, ಮೊದಲೇ ಕಷ್ಟಪಟ್ಟು ಬರುತ್ತಿದ್ದ ರಕ್ತ ಇನ್ನೂ ಕಡಿಮೆಯಾಗಿ ಚರ್ಮ ಸಾಯಬಹುದು. ಆದ್ದರಿಂದ ಆನ್‌ಲೈನ್‌ನಲ್ಲಿ ತರಿಸುವ ಮೊದಲು ಒಂದು ಪರೀಕ್ಷೆ ಮಾಡಿಸಿಕೊಳ್ಳಿ: ಪಾದದ ಗಂಟಿನ ಬಳಿಯ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸುತ್ತಾರೆ, 0.9ಕ್ಕಿಂತ ಕಡಿಮೆ ಬಂದರೆ ಅಪಧಮನಿ ಕಿರಿದಾಗಿದೆ ಎಂದರ್ಥ. ಸೂಜಿ ಚುಚ್ಚುವುದಿಲ್ಲ, ನೋವಿಲ್ಲ. ಬಹಳ ವರ್ಷದಿಂದ ಶುಗರ್ ಇರುವವರಲ್ಲಿ ನಾಳ ಗಡುಸಾಗಿ ಈ ಲೆಕ್ಕ ತಪ್ಪಬಹುದು, ಆಗ ಕಾಲ್ಬೆರಳಿನ ಒತ್ತಡ ನೋಡಬೇಕು. ಶುಗರ್ ಇರುವವರ ಪಾದಕ್ಕೆ ಸ್ಪರ್ಶವೇ ಕಡಿಮೆಯಾಗಿ ನೋವೂ ಗೊತ್ತಾಗದೆ ಹೋಗಬಹುದು, ಗಾಯವೇ ಮೊದಲ ಸುಳಿವಾಗುತ್ತದೆ.

ಬೀಡಿ ಸೇದುವ ಚಿಕ್ಕ ವಯಸ್ಸಿನ ಗಂಡಸರ ಬಗ್ಗೆ ನನಗೆ ಹೆಚ್ಚಿನ ಚಿಂತೆ. 1908ರಲ್ಲಿ ವೈದ್ಯ ಲಿಯೊ ಬರ್ಗರ್ ವಿವರಿಸಿದ ಕಾಯಿಲೆಯಲ್ಲಿ ಕೈಕಾಲಿನ ಸಣ್ಣ ನಾಳಗಳು ಬಾವು ಬಂದು ಮುಚ್ಚಿಕೊಳ್ಳುತ್ತವೆ, ಬೆರಳು ಕಪ್ಪಾಗುತ್ತದೆ. ತಂಬಾಕು ಪೂರ್ತಿ ಬಿಟ್ಟವರ ಕಾಲು ಉಳಿಯುವ ಸಾಧ್ಯತೆ ಜಾಸ್ತಿ, ದಿನಕ್ಕೆ ಒಂದೆರಡು ಸೇದಿದರೂ ಕಾಯಿಲೆ ಮುಂದುವರಿಯುತ್ತದೆ.

ಆಪರೇಷನ್, ಹೆರಿಗೆ ಅಥವಾ ಬಹಳ ದಿನ ಹಾಸಿಗೆ ಹಿಡಿದ ಮೇಲೆ ಒಂದೇ ಕಾಲು ಊದಿ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಅವತ್ತೇ ಆಸ್ಪತ್ರೆಗೆ ಹೋಗಿ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ ಬಿಳಿಚಿಕೊಂಡರಂತೂ ಬೆಳಗಾಗಲಿ ಅಂತ ಕಾಯಬೇಡಿ, ಆ ಕಾಲನ್ನು ಉಳಿಸಿಕೊಳ್ಳಲು ಇರುವುದು ಕೆಲವೇ ಗಂಟೆ.