‘ಲೋಕಕ್ಕೆ ಬೆಳಕು’ ಯೇಸುವೋ, ಶಿಷ್ಯರೋ?

ಪ್ರಶ್ನೆ: ಯೋಹಾನನ ಸುವಾರ್ತೆಯಲ್ಲಿ (8:12) ಯೇಸುಸ್ವಾಮಿ ‘ನಾನೇ ಲೋಕಕ್ಕೆ ಬೆಳಕು’ ಅನ್ನುತ್ತಾರೆ. ಮತ್ತಾಯನಲ್ಲಿ (5:14) ಶಿಷ್ಯರಿಗೆ ‘ನೀವು ಲೋಕಕ್ಕೆ ಬೆಳಕಾಗಿದ್ದೀರಿ’ ಅನ್ನುತ್ತಾರೆ. ಎರಡೂ ಹೇಗೆ ನಿಜ?

ಉತ್ತರ: ಇದು ಅನುವಾದದ ಎಡವಟ್ಟಲ್ಲ. ಗ್ರೀಕ್ ಮೂಲದಲ್ಲೂ ಎರಡು ಕಡೆ ಒಂದೇ ಪದ, ‘ಫೋಸ್’. ಹಾಗಾಗಿ ಆ ಮಾತು ಬಂದಾಗ ಕಣ್ಣೆದುರು ಯಾವ ದೀಪವಿತ್ತು ಎಂದು ನೋಡಬೇಕು.

ಯೋಹಾನನದು ಹಬ್ಬದ ದೀಪ. 7ನೇ ಅಧ್ಯಾಯ ನಡೆಯುವುದು ಯೆಹೂದ್ಯರ ಪರ್ಣಶಾಲೆಗಳ (ಎಲೆಗುಡಿಸಲುಗಳ) ಹಬ್ಬದಲ್ಲಿ. 8:20ರ ಪ್ರಕಾರ ಯೇಸು ಈ ಮಾತಾಡಿದ್ದು ದೇವಾಲಯದಲ್ಲಿ ಕಾಣಿಕೆ ಹಾಕುವ ಜಾಗದಲ್ಲಿ. ಅದು ಸ್ತ್ರೀಯರ ಅಂಗಳದಲ್ಲಿತ್ತು. ಹಬ್ಬದ ರಾತ್ರಿಗಳಲ್ಲಿ ಅದೇ ಅಂಗಳದಲ್ಲಿ ದೀಪಸ್ತಂಭಗಳು ಉರಿಯುತ್ತಿದ್ದವೆಂದು ಯೆಹೂದ್ಯರ ಧರ್ಮನಿಯಮಗಳ ಹಳೆಯ ಸಂಗ್ರಹವಾದ ಮಿಷ್ನಾ ಹೇಳುತ್ತದೆ. ಒಂದೊಂದರ ತುದಿಗೂ 4 ಚಿನ್ನದ ಬಟ್ಟಲು, ಹತ್ತಲು 4 ಏಣಿ, ಎಣ್ಣೆ ಹೊಯ್ಯಲು ಯಾಜಕರ ಮನೆತನದ ಹುಡುಗರು. ಯಾಜಕರ ಹಳೆಯ ಚಲ್ಲಣ, ನಡುಕಟ್ಟುಗಳನ್ನು ಹರಿದು ಬತ್ತಿ ಮಾಡುತ್ತಿದ್ದರು. ಆ ಬೆಳಕು ಬೀಳದ ಅಂಗಳವೇ ಯೆರೂಸಲೇಮಿನಲ್ಲಿ ಇರಲಿಲ್ಲವಂತೆ. ಹಬ್ಬ ಮುಗಿದರೆ ಆ ದೀಪಗಳ ಕೆಲಸ ಮುಗಿಯಿತು. ಅಂಥ ಜಾಗದಲ್ಲಿ ‘ನಾನೇ’ ಎಂದರೆ, ಬೆಳಕಿನ ಮೂಲವೇ ನಾನು ಎಂದಂತೆ.

ಮತ್ತಾಯನದು ಮನೆಯ ದೀಪ: ಅಂಗೈಯಲ್ಲಿ ಹಿಡಿಸುವ ಮಣ್ಣಿನ ಹಣತೆ, ಆಲಿವ್ ಎಣ್ಣೆ, ಒಂದು ಬತ್ತಿ. ದೀಪ ಹಚ್ಚಿ ಪಾತ್ರೆಯ ಕೆಳಗೆ ಯಾರೂ ಇಡುವುದಿಲ್ಲ ಎಂದು ಮುಂದಿನ ವಚನ (5:15) ಹೇಳುತ್ತದೆ. ಆ ಪಾತ್ರೆ ಗ್ರೀಕಿನಲ್ಲಿ ‘ಮೋದಿಯೋಸ್’, ಸುಮಾರು 8.7 ಲೀಟರಿನ ಕಾಳಿನ ಅಳತೆ. ಕನ್ನಡ ಬೈಬಲ್ ಇದನ್ನು ‘ಕೊಳಗ’ ಎಂದಿದೆ. ಇದಕ್ಕಿಂತ ಒಪ್ಪುವ ಪದ ಸಿಗದು. ಹಣತೆಯ ಮೇಲೆ ಕೊಳಗ ಕವುಚಿದರೆ ಬೆಳಕು ಮರೆಯಾಗುವುದಷ್ಟೇ ಅಲ್ಲ, ಗಾಳಿ ಸಾಲದೆ ಹೊಗೆಯಾಡಿ ಆರಿಯೇ ಹೋಗುತ್ತದೆ.

ಹಣತೆ ತಾನಾಗಿ ಹೊತ್ತಿಕೊಳ್ಳುವುದಿಲ್ಲ, ಯಾರಾದರೂ ಹಚ್ಚಬೇಕು. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ: ಬೆಳಕಿನ ಮೂಲ ಯೇಸು, ಅವರು ಹಚ್ಚಿದ ಹಣತೆಗಳು ಶಿಷ್ಯರು. ಕ್ರಿಸ್ತ ಸೂರ್ಯ, ಶಿಷ್ಯರು ಚಂದ್ರ ಎಂದು ಪ್ರಸಂಗಗಳಲ್ಲಿ ಹೇಳುವುದುಂಟು. ನಮಗೆ ಹಣತೆಯೇ ಹೆಚ್ಚು ಸರಿ ಅನ್ನಿಸುತ್ತದೆ: ಚಂದ್ರನಲ್ಲಿ ಬೆಂಕಿಯಿಲ್ಲ, ಹಚ್ಚಿದ ಹಣತೆಯಲ್ಲಿ ಉರಿಯುವುದು ನಿಜವಾದ ಬೆಂಕಿ. ಸ್ನಾನಿಕನಾದ ಯೋಹಾನನನ್ನು ‘ಆ ಬೆಳಕಲ್ಲ’ (ಯೋಹಾನ 1:8) ಎಂದ ಸುವಾರ್ತೆಯೇ ಅವನನ್ನು ಉರಿಯುವ ದೀಪ (5:35) ಎಂದೂ ಕರೆಯುತ್ತದೆ.

ಇದಕ್ಕಿಂತ ಗಟ್ಟಿ ಆಧಾರವೂ ಇದೆ. ದೇವರ ಸೇವಕನು ಅನ್ಯಜನಗಳಿಗೆ ಬೆಳಕಾಗುವನೆಂದು ಯೆಶಾಯ 49:6 ಹೇಳುತ್ತದೆ. ಮುದುಕ ಸಿಮೆಯೋನ ಕೂಸಾಗಿದ್ದ ಯೇಸುವನ್ನು ಎತ್ತಿಕೊಂಡು ಈ ಮಾತನ್ನು ನೆನೆಯುತ್ತಾನೆ (ಲೂಕ 2:32). ಪಿಸಿದ್ಯದ ಅಂತಿಯೋಕ್ಯದಲ್ಲಿ ಪೌಲ, ಬಾರ್ನಬರು ಅದೇ ವಚನವನ್ನು, ಕರ್ತನು ನಮಗೆ ಕೊಟ್ಟ ಅಪ್ಪಣೆ ಎಂದು ತಮಗೇ ಅನ್ವಯಿಸಿಕೊಳ್ಳುತ್ತಾರೆ (ಅಪೊಸ್ತಲರ ಕೃತ್ಯಗಳು 13:47).

ಕನ್ನಡದಲ್ಲಿ ಓದುವವರು ಒಂದು ಕಡೆ ಎಡವುತ್ತಾರೆ. ನಮ್ಮ ‘ನೀವು’ ಒಬ್ಬರಿಗೆ ಕೊಡುವ ಮರ್ಯಾದೆಯೂ ಹೌದು. ಮೂಲದಲ್ಲಿರುವುದು ಬರೀ ಬಹುವಚನ: ನೀವೆಲ್ಲ ಸೇರಿ. ಅದಕ್ಕೇ ಮುಂದಿನ ಹೋಲಿಕೆ ಗುಡ್ಡದ ಮೇಲಿನ ಊರು, ಒಂಟಿ ಮನೆಯಲ್ಲ.

ಮತ್ತಾಯ 5:16ನ್ನು ಅರ್ಧಕ್ಕೇ ನಿಲ್ಲಿಸುವವರೂ ಇದ್ದಾರೆ. ಒಳ್ಳೆಯ ಕೆಲಸ ಕಂಡ ಜನ ಕೊಂಡಾಡಬೇಕಾದ್ದು ಪರಲೋಕದ ತಂದೆಯನ್ನು ಎಂದು ವಚನ ಮುಗಿಯುತ್ತದೆ. ಓದುವಾಗ 6:1ರ ತನಕ ಹೋಗಿ. ಜನ ನೋಡಲಿ ಎಂದು ಧರ್ಮಕಾರ್ಯ ಮಾಡಬೇಡಿ ಎಂಬ ಎಚ್ಚರಿಕೆ ಅದೇ ಬೆಟ್ಟದ ಪ್ರಸಂಗದಲ್ಲಿದೆ.