ಬಾಗುವ ಟ್ರಾನ್ಸಿಸ್ಟರ್, ಕೊನೆಗಾರನ ಬೆವರು, ಉಪ್ಪುನೀರಿನ ಮಂಜು

ತೆಳುಪದರ ಟ್ರಾನ್ಸಿಸ್ಟರ್ (ತೆಳ್ಳಗಿನ ಪದರಗಳಿಂದ ಮಾಡಿದ, ಕರೆಂಟನ್ನು ಹೆಚ್ಚುಕಡಿಮೆ ಮಾಡುವ ಪುಟ್ಟ ಸಾಧನ) ಅಂದರೆ ಮೊದಲು ನೆನಪಾಗುವುದು ಟಿವಿ ಪರದೆ, ಅಲ್ವಾ? ಅದೇ ಟ್ರಾನ್ಸಿಸ್ಟರ್ ಬೆವರನ್ನೋ ರಕ್ತವನ್ನೋ ಹೇಗೆ ಅಳೆಯುತ್ತದೆ ಅನ್ನುವುದು ಶಿವಮೊಗ್ಗದ ನಮ್ಮ ಓದಿನ ಗುಂಪಿನಲ್ಲಿ ಎಲ್ಲರಿಗೂ ಗೋಜಲಾಗಿತ್ತು. ಎರಡು ವಾರ ಕೂತು ಬಿಡಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೆರೆಯ ತೂಬಿನಿಂದ ಶುರು ಮಾಡೋಣ. ತೂಬಿನ ಹಲಗೆ ಎಷ್ಟು ಎತ್ತಿದರೆ ಅಷ್ಟು ನೀರು ಕಾಲುವೆಗೆ ಬರುತ್ತದೆ. ಟ್ರಾನ್ಸಿಸ್ಟರ್‌ನಲ್ಲಿ ಸೋರ್ಸ್ ಅನ್ನುವುದು ಕೆರೆ, ಡ್ರೈನ್ ಗದ್ದೆ, ಚಾನೆಲ್ ಕಾಲುವೆ, ಗೇಟ್ ಹಲಗೆ. ಒಂದು ವ್ಯತ್ಯಾಸ ನೆನಪಿಡಿ. ಗೇಟ್ ಚಾನೆಲನ್ನು ಮುಟ್ಟುವುದಿಲ್ಲ. ನಡುವೆ ಇನ್ಸುಲೇಟರ್, ಅಂದರೆ ವಿದ್ಯುತ್ ಹರಿಯಗೊಡದ ಪದರ, ಇರುತ್ತದೆ, ಅದರಾಚೆಯಿಂದಲೇ ವಿದ್ಯುತ್ ಕ್ಷೇತ್ರ ಎಲೆಕ್ಟ್ರಾನ್‌ಗಳನ್ನು ಎಳೆಯುತ್ತದೆ ಅಥವಾ ದೂಡುತ್ತದೆ.

ಪರದೆಯಲ್ಲಿ ಹಲಗೆ ನಮ್ಮ ಕೈಯಲ್ಲಿರುತ್ತದೆ. ಇಷ್ಟು ವೋಲ್ಟ್ ಕೊಟ್ಟರೆ ಇಷ್ಟು ಕರೆಂಟ್. ಸೆನ್ಸರ್‌ನಲ್ಲಿ ಲೆಕ್ಕ ತಿರುಗುಮುರುಗು. ನಾವು ಗದ್ದೆಯಲ್ಲಿ ನಿಂತು, ಬರುವ ನೀರನ್ನು ನೋಡಿ, ಮೇಲೆ ಹಲಗೆ ಎಷ್ಟು ಎದ್ದಿದೆ ಅಂತ ಹೇಳಬೇಕು. ಹಲಗೆ ಎತ್ತುವುದು ದ್ರವದಲ್ಲಿರುವ ಅಯಾನುಗಳು (ಚಾರ್ಜ್ ಹೊತ್ತ ಕಣಗಳು), ಪ್ರೋಟೀನುಗಳು. ಇದು ತಲೆಗೆ ಹತ್ತಿದರೆ ಅರ್ಧ ಪಾಠ ಮುಗಿದಂತೆ.

ಇತಿಹಾಸ ಚಿಕ್ಕದಾಗಿ. 1962ರಲ್ಲಿ ಆರ್‌ಸಿಎ ಸಂಸ್ಥೆಯ ಪಾಲ್ ವೈಮರ್ ಕ್ಯಾಡ್ಮಿಯಂ ಸಲ್ಫೈಡ್ ಪದರದಿಂದ ತೆಳುಪದರ ಟ್ರಾನ್ಸಿಸ್ಟರ್ ಮಾಡಿ ತೋರಿಸಿದರು. 1970ರಲ್ಲಿ ನೆದರ್ಲೆಂಡ್ಸ್‌ನ ಪೀಟ್ ಬರ್ಗ್‌ವೆಲ್ಡ್ ಸಿಲಿಕಾನ್ ಟ್ರಾನ್ಸಿಸ್ಟರ್‌ನ ಲೋಹದ ಗೇಟನ್ನೇ ತೆಗೆದು, ಆ ಜಾಗವನ್ನು ದ್ರವಕ್ಕೆ ಒಡ್ಡಿದರು. 2004ರಲ್ಲಿ ಜಪಾನಿನ ಹೊಸೊನೊ ತಂಡ ಇಂಡಿಯಂ, ಗ್ಯಾಲಿಯಂ, ಜಿಂಕ್ ಸೇರಿದ ಆಕ್ಸೈಡನ್ನು ಬಾಗುವ ಪ್ಲಾಸ್ಟಿಕ್ ಹಾಳೆಯ ಮೇಲೆ, ಹೆಚ್ಚು ಕಾಯಿಸದೆಯೇ ಹಾಕಿ ತೋರಿಸಿತು. ಕಾಯಿಸದಿರುವುದೇ ಇಲ್ಲಿ ದೊಡ್ಡ ವಿಷಯ. ಬಾಟಲಿ ಮಾಡುವ ಪೆಟ್ ಪ್ಲಾಸ್ಟಿಕ್ 100 ಡಿಗ್ರಿ ದಾಟುವ ಮೊದಲೇ ಮೆತ್ತಗಾಗುತ್ತದೆ. ಸಾಮಾನ್ಯ ಸಿಲಿಕಾನ್ ಚಿಪ್ ಮಾಡುವ ಬಿಸಿಗೆ ಅದು ಉಳಿಯುವುದೇ ಇಲ್ಲ.

ಇನ್ನು ಬಾಗುವುದು ಹೇಗೆ? ಬಿದಿರಿನ ಬುಟ್ಟಿ ಹೆಣೆಯುವುದನ್ನು ನೋಡಿದವರಿಗೆ ಇದು ಗೊತ್ತೇ ಇದೆ. ದಪ್ಪ ದಬ್ಬೆ ಬಾಗಿಸಿದರೆ ಸೀಳುತ್ತದೆ. ಅದನ್ನೇ ತೆಳ್ಳಗೆ ಸೀಳಿ ಹೆರೆದರೆ ಬೆರಳಿಗೂ ಸುತ್ತಬಹುದು. ಬಿದಿರು ಬದಲಾಗಿಲ್ಲ, ದಪ್ಪ ಬದಲಾಗಿದೆ. ಬಾಗಿದಾಗ ಹೊರಮೈ ಎಷ್ಟು ಹಿಗ್ಗುತ್ತದೆ ಅಂದರೆ, ದಪ್ಪವನ್ನು ಬಾಗಿನ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದಷ್ಟು. 100 ಮೈಕ್ರಾನ್ (0.1 ಮಿಲಿಮೀಟರ್) ದಪ್ಪದ ಹಾಳೆಯನ್ನು 5 ಮಿಲಿಮೀಟರ್ ತ್ರಿಜ್ಯಕ್ಕೆ ಬಾಗಿಸಿದರೆ ಹಿಗ್ಗು ಶೇ 1. ಗಡಸು ಆಕ್ಸೈಡ್ ಪದರಗಳು ಅಷ್ಟರಲ್ಲಿ ಬಿರುಕು ಬಿಡುತ್ತವೆ. ಹಾಳೆ 1 ಮೈಕ್ರಾನ್ ಆದರೆ ಹಿಗ್ಗು ಶೇ 0.01, ಏನೂ ಆಗುವುದಿಲ್ಲ. ಇನ್ನೊಂದು ದಾರಿಯೂ ಇದೆ. ಟ್ರಾನ್ಸಿಸ್ಟರ್ ಮೇಲೆ ಅಷ್ಟೇ ದಪ್ಪದ ಇನ್ನೊಂದು ಹಾಳೆ ಹೊದಿಸಿದರೆ ಅದು ನಡುಮಧ್ಯೆ ಬರುತ್ತದೆ. ಬಾಗಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ನಡುವೆ ಎರಡೂ ಇಲ್ಲ. ಆದರೆ ಸೆನ್ಸರ್‌ನ ಮೈ ದ್ರವಕ್ಕೆ ತೆರೆದಿರಬೇಕು. ಹಾಗಾಗಿ ಪೂರ್ತಿ ಹೊದಿಸುವಂತಿಲ್ಲ.

ಈಗ ಒಂದು ಲೆಕ್ಕ. ಅಡಿಕೆ ಮರ ಹತ್ತುವ ಕೊನೆಗಾರನ ತೋಳಿಗೆ ಒಂದು ಪಟ್ಟಿ ಅಂಟಿಸಿದ್ದೇವೆ ಅಂದುಕೊಳ್ಳಿ. ಗಟ್ಟಿ ಚಿಪ್ ಆದರೆ ಎರಡು ಮರ ಹತ್ತುವುದರೊಳಗೆ ಕಿತ್ತು ಬರುತ್ತದೆ. ಅದಕ್ಕೇ ಬಾಗುವ ಪಟ್ಟಿ ಬೇಕು. ಅವನ ಬೆವರಿನಲ್ಲಿ ಸೋಡಿಯಂ ಎಷ್ಟಿದೆ ಅಂತ ತಿಳಿಯಬೇಕು. ಗೇಟ್ ಮೇಲೆ ಸೋಡಿಯಂ ಅಯಾನನ್ನು ಮಾತ್ರ ಗುರುತಿಸುವ ಪೊರೆ ಇದೆ. ನೆರ್ನ್‌ಸ್ಟ್ ನಿಯಮದ ಪ್ರಕಾರ 25 ಡಿಗ್ರಿಯಲ್ಲಿ ಸೋಡಿಯಂ ಹತ್ತು ಪಟ್ಟಾದರೆ 59 ಮಿಲಿವೋಲ್ಟ್ ಬದಲಾವಣೆ. ಎರಡು ಪಟ್ಟಾದರೆ? 59ನ್ನು 0.301ರಿಂದ ಗುಣಿಸಿ. ಸುಮಾರು 18 ಮಿಲಿವೋಲ್ಟ್.

ಆ 18ರ ಮೇಲೆ ಸ್ವಲ್ಪ ನಿಲ್ಲಿ. ತೆಳುಪದರ ಟ್ರಾನ್ಸಿಸ್ಟರ್‌ಗೆ ಒಂದೇ ಸಮ ವೋಲ್ಟೇಜ್ ಕೊಟ್ಟು ಇಟ್ಟರೆ ಅದರ ಥ್ರೆಶೋಲ್ಡ್, ಅಂದರೆ ಕರೆಂಟ್ ಹರಿಯಲು ಶುರುವಾಗುವ ಗೇಟ್ ವೋಲ್ಟೇಜ್, ನಿಧಾನಕ್ಕೆ ಸರಿಯುತ್ತದೆ. ಕೆಲವು ಗಂಟೆಗಳಲ್ಲಿ ಹತ್ತಾರು ಮಿಲಿವೋಲ್ಟ್ ಸರಿಯಬಹುದು. ಅಂದರೆ ಬೆವರು ಬದಲಾಗದೇ ಇದ್ದರೂ ಸೋಡಿಯಂ ಎರಡು ಪಟ್ಟಾಯಿತು ಅಂತ ಸೆನ್ಸರ್ ಹೇಳಬಹುದು. ಇದರ ಜೊತೆಗೆ ರೆಫರೆನ್ಸ್ ಎಲೆಕ್ಟ್ರೋಡ್. ದ್ರವದ ವೋಲ್ಟೇಜನ್ನು ಒಂದೇ ಕಡೆ ಹಿಡಿದು ನಿಲ್ಲಿಸುವುದು ಅದರ ಕೆಲಸ. ಲ್ಯಾಬಿನಲ್ಲಿ ಗಾಜಿನ ಕೊಳವೆಯೊಳಗೆ ಬೆಳ್ಳಿ ತಂತಿ, ಅದರ ಮೇಲೆ ಸಿಲ್ವರ್ ಕ್ಲೋರೈಡ್, ಸುತ್ತ ಉಪ್ಪುನೀರು ಇರುತ್ತದೆ. ಅದನ್ನೇ ತೋಳಿನ ಮೇಲಿನ ತೆಳು ಹಾಳೆಯಲ್ಲಿ ಮಾಡುವುದು ಟ್ರಾನ್ಸಿಸ್ಟರ್ ಮಾಡುವುದಕ್ಕಿಂತ ಕಷ್ಟ ಅಂತ ನನಗೆ ಅನ್ನಿಸುತ್ತದೆ. ನಮ್ಮ ಟಿಪ್ಪಣಿಗಳಲ್ಲಿ ಇದಕ್ಕೆ ಒಂದೇ ಸಾಲು ಸಿಗುತ್ತದೆ, ಅದು ಸರಿಯಲ್ಲ.

ಚಾನೆಲಿನ ಮೇಲೊಂದು (ದ್ರವದ ಕಡೆ), ಕೆಳಗೊಂದು ಹೀಗೆ ಎರಡು ಗೇಟ್ ಇಟ್ಟರೆ 59ನ್ನೂ ಮೀರಬಹುದು. ಮೇಲಿನ ಇನ್ಸುಲೇಟರ್‌ನ ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಶಕ್ತಿ) ಕೆಳಗಿನದಕ್ಕಿಂತ ಹತ್ತು ಪಟ್ಟಿದ್ದರೆ, ಮೇಲಿನ 59 ಮಿಲಿವೋಲ್ಟ್ ಕೆಳಗಿನ ಗೇಟಿನಲ್ಲಿ ಸುಮಾರು 590 ಆಗಿ ಕಾಣುತ್ತದೆ. ಆದರೆ ಮೇಲ್ಮೈಯಲ್ಲಿ ಆಗುವ ಸರಿತವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ. ಅದಕ್ಕೇ ಸುಮ್ನೆ ದೊಡ್ಡ ಸಂಖ್ಯೆ ನೋಡಿ ಒಳ್ಳೆಯ ಸೆನ್ಸರ್ ಅನ್ನಬೇಡಿ.

ಈಗ ಈ ಪಾಠದ ಅತಿ ಮುಖ್ಯ ಭಾಗ. ಮಳೆಗಾಲದ ಸಂಜೆ ಆಗುಂಬೆ ಘಾಟಿಯಲ್ಲಿ ಬಸ್ಸಿನ ಹೆಡ್‌ಲೈಟ್ ನೋಡಿದ್ದೀರಾ? ದೀಪ ಜೋರಾಗಿಯೇ ಉರಿಯುತ್ತಿರುತ್ತದೆ, ಮಂಜು ನಾಲ್ಕು ಮಾರು ದೂರದಲ್ಲೇ ಅದನ್ನು ನುಂಗಿಬಿಡುತ್ತದೆ. ಉಪ್ಪುನೀರಿನಲ್ಲಿ ಚಾರ್ಜಿಗೂ ಇದೇ ಗತಿ. ಪ್ರೋಟೀನಿನ ಚಾರ್ಜ್ ಸುತ್ತ ಎದುರು ಚಾರ್ಜಿನ ಅಯಾನುಗಳು ಬಂದು ಮುತ್ತಿಕೊಳ್ಳುತ್ತವೆ. ದೂರಕ್ಕೆ ಅದು ಕಾಣುವುದೇ ಇಲ್ಲ. ಎಷ್ಟು ದೂರದವರೆಗೆ ಕಾಣುತ್ತದೋ ಅದಕ್ಕೆ ಡಿಬೈ ಉದ್ದ ಅನ್ನುತ್ತಾರೆ. ಅಡಿಗೆ ಉಪ್ಪಿನಂಥ ದ್ರಾವಣಕ್ಕೆ ಸುಲಭ ಸೂತ್ರ ಇದು: 0.304ನ್ನು ಉಪ್ಪಿನ ಮೋಲಾರ್ ಪ್ರಮಾಣದ (ಲೀಟರಿಗೆ ಎಷ್ಟು ಮೋಲ್) ವರ್ಗಮೂಲದಿಂದ ಭಾಗಿಸಿ, ಉತ್ತರ ನ್ಯಾನೋಮೀಟರ್‌ನಲ್ಲಿ. ರಕ್ತಕ್ಕೆ 0.15 ಹಾಕಿದರೆ ಸುಮಾರು 0.8 ನ್ಯಾನೋಮೀಟರ್ ಬರುತ್ತದೆ. ಬೆವರಿಗೆ 0.05 ಹಾಕಿ ನೀವೇ ಮಾಡಿ ನೋಡಿ, 1.4ರ ಹತ್ತಿರ ಬರಬೇಕು.

ನಮ್ಮ ಜಿಲ್ಲೆಯದೇ ಉದಾಹರಣೆಗೆ ಹಾಕಿ ನೋಡೋಣ. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು ಕಚ್ಚಿ ಬರುವ ಈ ಜ್ವರವನ್ನು ಇವತ್ತು ಪತ್ತೆ ಮಾಡುವುದು ಲ್ಯಾಬಿನ ಆರ್‌ಟಿ-ಪಿಸಿಆರ್ ಮತ್ತು ಎಲೈಸಾ ಪರೀಕ್ಷೆಗಳಿಂದ. ಕಾಡಂಚಿನ ಮನೆಯಲ್ಲೇ ಒಂದು ಹನಿ ರಕ್ತದಿಂದ ಟ್ರಾನ್ಸಿಸ್ಟರ್ ಪಟ್ಟಿ ಉತ್ತರ ಕೊಟ್ಟರೆ ಎಷ್ಟು ಒಳ್ಳೆಯದು ಅಂತ ನಮ್ಮಲ್ಲಿ ಎಲ್ಲರಿಗೂ ಅನ್ನಿಸಿತ್ತು. ಅಳತೆ ನೋಡಿ. ವೈರಸ್ಸನ್ನು ಹಿಡಿಯುವ ಆಂಟಿಬಾಡಿಯೇ ಸುಮಾರು 10 ನ್ಯಾನೋಮೀಟರ್. ಅದರ ಮೇಲೆ ಕೂರುವ ವೈರಸ್ ಸುಮಾರು 50. ಟ್ರಾನ್ಸಿಸ್ಟರ್‌ಗೆ ಕಾಣುವುದು 0.8. ವೈರಸ್ ಪೂರ್ತಿ ಮಂಜಿನಾಚೆ ಇದೆ.

ರಕ್ತವನ್ನು ನೂರು ಪಟ್ಟು ತೆಳು ಮಾಡಿದರೆ ಡಿಬೈ ಉದ್ದ 8ರ ಹತ್ತಿರ ಹೋಗುತ್ತದೆ. ಆದರೆ ವೈರಸ್ಸೂ ನೂರು ಪಟ್ಟು ಕಡಿಮೆಯಾಯಿತಲ್ಲ! ಇದಕ್ಕೆ ಪರಿಹಾರವಾಗಿ, ವೈರಸ್ಸನ್ನು ಮೊದಲು ಪೂರ್ತಿ ರಕ್ತದಲ್ಲೇ ಆಂಟಿಬಾಡಿಗೆ ಅಂಟಲು ಬಿಟ್ಟು, ಆಮೇಲೆ ತೊಳೆದು, ಉಪ್ಪು ಕಡಿಮೆ ಇರುವ ನೀರಿನಲ್ಲಿ ಅಳೆಯುತ್ತಾರೆ. ಇನ್ನೊಂದು ದಾರಿ ಆಪ್ಟಮರ್, ಅಂದರೆ ಗುರಿಯನ್ನು ಹಿಡಿಯುವ ಡಿಎನ್‌ಎಯ ಚಿಕ್ಕ ಎಳೆ. ಗುರಿ ಸಿಕ್ಕಾಗ ಆ ಎಳೆಯೇ ಮಡಚಿಕೊಳ್ಳುತ್ತದೆ, ಅದರ ಚಾರ್ಜ್ ಮೇಲ್ಮೈಯ ಹತ್ತಿರಕ್ಕೋ ದೂರಕ್ಕೋ ಸರಿಯುತ್ತದೆ. ಟ್ರಾನ್ಸಿಸ್ಟರ್ ನೋಡುವುದು ಆ ಸರಿದಾಟವನ್ನು. 2018ರಲ್ಲಿ ತೆಳು ಇಂಡಿಯಂ ಆಕ್ಸೈಡ್ ಟ್ರಾನ್ಸಿಸ್ಟರ್ ಮೇಲೆ ಹೀಗೆ ಸೆರೊಟೋನಿನ್, ಡೋಪಮೈನ್‌ನಂಥ ಪುಟ್ಟ ಅಣುಗಳನ್ನು ದೇಹದಷ್ಟೇ ಉಪ್ಪಿರುವ ದ್ರವದಲ್ಲಿ ಪತ್ತೆ ಮಾಡಿದರು. ನನಗೆ ತುಂಬಾ ಇಷ್ಟವಾದ ಉಪಾಯ ಇದು.

ಮೂರನೆಯ ದಾರಿಯಲ್ಲಿ ಟ್ರಾನ್ಸಿಸ್ಟರ್ ಜಾತಿಯೇ ಬೇರೆ. ಕೆಸುವಿನ ಎಲೆ ಮೇಲೆ ನೀರು ಮೇಲ್ಮೈಯಲ್ಲೇ ನಿಲ್ಲುತ್ತದೆ, ಅವಲಕ್ಕಿಗೆ ಹಾಕಿದ ನೀರು ಒಳಗೆಲ್ಲ ಇಳಿಯುತ್ತದೆ. ಇಲ್ಲಿವರೆಗಿನ ಟ್ರಾನ್ಸಿಸ್ಟರ್‌ಗಳು ಕೆಸುವಿನ ಎಲೆ. ಸಾವಯವ ಎಲೆಕ್ಟ್ರೋಕೆಮಿಕಲ್ ಟ್ರಾನ್ಸಿಸ್ಟರ್ ಅವಲಕ್ಕಿ. ಪೆಡಾಟ್-ಪಿಎಸ್‌ಎಸ್ ಅನ್ನುವ, ವಿದ್ಯುತ್ ಹರಿಸುವ ಪಾಲಿಮರ್ ಒಳಕ್ಕೆ ಅಯಾನುಗಳು ಇಳಿದು, ಇಡೀ ದಪ್ಪದ ಕರೆಂಟನ್ನು ಬದಲಿಸುತ್ತವೆ. ಹಾಗಾಗಿ ಒಂದು ವೋಲ್ಟ್‌ಗಿಂತ ಕಡಿಮೆಯಲ್ಲೂ ದೊಡ್ಡ ಬದಲಾವಣೆ ಸಿಗುತ್ತದೆ. 2013ರಲ್ಲಿ ಇಂಥ ತೆಳು ಹಾಳೆಯನ್ನು ಇಲಿಯ ಮಿದುಳಿನ ಮೇಲೆ ಹಾಸಿ ಅದರ ವಿದ್ಯುತ್ ಸಂಕೇತಗಳನ್ನು ದಾಖಲಿಸಿದರು. ಇದರ ಕೊರತೆ ವೇಗ. ಅಯಾನು ಒಳಗಿಳಿಯಲು ಸಮಯ ಬೇಕು, ಪದರ ದಪ್ಪವಾದಷ್ಟೂ ಜಾಸ್ತಿ ಸಮಯ. ಮಿದುಳಿನ ಸಂಕೇತಕ್ಕೆ ತೆಳು ಪದರ ಹಾಕಬೇಕು, ನಿಧಾನಕ್ಕೆ ಬದಲಾಗುವ ಬೆವರಿಗೆ ದಪ್ಪ ಪದರವೂ ಸಾಕು.