ಬಂದೂಕು ಮಾರಿದವರಿಗೆ ಹೊಣೆಯಿಲ್ಲವೇ? ಅಮೆರಿಕದ ನಾಲ್ಕು ದಶಕಗಳ ವ್ಯಾಜ್ಯ

ಕುಕ್ಕರ್ ಸಿಡಿದು ಕೈ ಸುಟ್ಟರೆ ತಯಾರಿಸಿದ ಕಂಪನಿಯನ್ನು ಕೋರ್ಟಿಗೆಳೆಯಬಹುದು, ಮಾಲಿನಲ್ಲೇ ದೋಷವಿತ್ತು ಎನ್ನಬಹುದು. ಬಂದೂಕಿನ ವಿಷಯದಲ್ಲಿ ಈ ವಾದ ನಿಲ್ಲುವುದಿಲ್ಲ. ಅದು ಚೆನ್ನಾಗಿ ಕೆಲಸ ಮಾಡಿದಾಗಲೇ ಜನ ಸಾಯುವುದು. ಹಾಗಾದರೆ ಟ್ರಿಗರ್ ಒತ್ತಿದವನೊಬ್ಬನೇ ಹೊಣೆಯೋ, ಮಾರಿದವರೂ ಹೊಣೆಯೋ?

1985ರಲ್ಲಿ ಮೇರಿಲ್ಯಾಂಡಿನ ಉನ್ನತ ನ್ಯಾಯಾಲಯ ಅಗ್ಗದ ಪಿಸ್ತೂಲುಗಳ ತಯಾರಕರೂ ಹೊಣೆ ಎಂದಿತು. 1988ರಲ್ಲಿ ಶಾಸಕರು ಹೊಸ ಕಾಯ್ದೆ ತಂದು ಆ ತೀರ್ಪನ್ನು ಅಳಿಸಿದರು. 1998ರಲ್ಲಿ, ಧೂಮಪಾನದಿಂದಾದ ರೋಗಗಳ ಚಿಕಿತ್ಸೆಯ ಖರ್ಚಿಗೆ ತಂಬಾಕು ಕಂಪನಿಗಳು ರಾಜ್ಯಗಳಿಗೆ ದುಡ್ಡು ಕೊಡಲು ಒಪ್ಪಿದ ಅದೇ ವರ್ಷ, ನ್ಯೂ ಆರ್ಲಿಯನ್ಸ್ ನಗರ ಬಂದೂಕು ಕಂಪನಿಗಳ ಮೇಲೆ ದಾವೆ ಹೂಡಿತು. ಶಿಕಾಗೊ ಮತ್ತು ಇತರ ನಗರಗಳು ಹಿಂಬಾಲಿಸಿದವು. ವಕೀಲರ ಖರ್ಚಿಗೇ ಉದ್ಯಮ ಮುಳುಗುತ್ತದೆ ಎಂಬ ಕೂಗೆದ್ದಿತು. 2005ರ ಅಕ್ಟೋಬರಿನಲ್ಲಿ ಜಾರ್ಜ್ ಡಬ್ಲ್ಯು. ಬುಷ್ ಸಹಿ ಹಾಕಿದ ಕಾಯ್ದೆ ಬಂದೂಕು ಉದ್ಯಮಕ್ಕೆ ಗುರಾಣಿಯಾಯಿತು: ಬೇರೆಯವರು ಮಾಡಿದ ಅಪರಾಧಕ್ಕೆ ತಯಾರಕರನ್ನೂ ಅಂಗಡಿಯವರನ್ನೂ ಹೊಣೆ ಮಾಡುವಂತಿಲ್ಲ. ಇಂಥ ರಕ್ಷಣೆ ಇರುವ ಉದ್ಯಮಗಳು ಅಲ್ಲಿ ಬೆರಳೆಣಿಕೆಯಷ್ಟು.

ಗುರಾಣಿಯಲ್ಲಿ ಒಂದೆರಡು ತೂತುಗಳಿದ್ದವು. ಮಾರಾಟಕ್ಕೆ ಅಥವಾ ಪ್ರಚಾರಕ್ಕೆ ಸಂಬಂಧಿಸಿದ ಕಾನೂನನ್ನು ಕಂಪನಿ ಗೊತ್ತಿದ್ದೂ ಮುರಿದಿದ್ದರೆ ದಾವೆ ನಡೆಯಬಹುದು ಎಂಬುದು ಅವುಗಳಲ್ಲೊಂದು.

2012ರ ಡಿಸೆಂಬರ್ 14ರಂದು ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, 6 ಮಂದಿ ದೊಡ್ಡವರು ಸತ್ತರು. ಮಕ್ಕಳೆಲ್ಲ ಆರೇಳು ವರ್ಷದವರು. ಹಂತಕನ ಕೈಯಲ್ಲಿದ್ದದ್ದು ಬುಷ್‌ಮಾಸ್ಟರ್ ರೈಫಲ್, ಅವನ ತಾಯಿಯೇ ಕಾನೂನುಬದ್ಧವಾಗಿ ಕೊಂಡದ್ದು. ಅಂದರೆ ಮಾರಾಟದಲ್ಲಿ ತಪ್ಪು ಹುಡುಕುವುದು ಕಷ್ಟವಿತ್ತು. ಕುಟುಂಬಗಳ ವಕೀಲರು ಜಾಹೀರಾತನ್ನು ಹಿಡಿದರು. ಒಂದು ರೈಫಲ್ಲಿನ ಚಿತ್ರ, ಜೊತೆಗೆ ಒಂದು ಸಾಲು. ‘ನಿಮ್ಮ ಗಂಡಸುತನದ ಕಾರ್ಡು ಮತ್ತೆ ನಿಮ್ಮ ಕೈಗೆ ಬಂತೆಂದುಕೊಳ್ಳಿ’ ಎಂಬರ್ಥದ ಸಾಲು ಅದು. ಯುದ್ಧಭೂಮಿಯ ಆಯುಧವನ್ನು ಹೀಗೆ ಮಾರುವುದು ರಾಜ್ಯದ ಗ್ರಾಹಕ ಕಾನೂನಿನ ಉಲ್ಲಂಘನೆ ಎಂದರು. ಕೆಳ ಕೋರ್ಟು ದಾವೆಯನ್ನು ವಜಾ ಮಾಡಿತು. 2019ರ ಮಾರ್ಚಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟು 4-3ರಿಂದ ಆ ಒಂದು ವಾದಕ್ಕೆ ಬಾಗಿಲು ತೆರೆಯಿತು.

ಆಮೇಲಿನ ದಾರಿಯೂ ಸುಗಮವಾಗಿರಲಿಲ್ಲ. ಬುಷ್‌ಮಾಸ್ಟರ್ ರೈಫಲ್ ತಯಾರಿಸುತ್ತಿದ್ದ ರೆಮಿಂಗ್ಟನ್ ಕಂಪನಿ ಎರಡು ಸಲ ದಿವಾಳಿ ಅರ್ಜಿ ಹಾಕಿತು. 2021ರಲ್ಲಿ ಅದರ ವಕೀಲರು ಸತ್ತ ಐದು ಮಕ್ಕಳ ಶಾಲಾ ದಾಖಲೆಗಳನ್ನು ಕೇಳಿ ಸಮನ್ಸ್ ಕಳಿಸಿದರು. ಹಾಜರಿ, ಅಂಕಪಟ್ಟಿ ಎಲ್ಲ ಬೇಕಂತೆ. ಒಂದನೇ ತರಗತಿಯ ಮಗುವಿನ ಅಂಕಪಟ್ಟಿಯಿಂದ ರೈಫಲ್ ಪ್ರಚಾರದ ಬಗ್ಗೆ ತಿಳಿಯುವುದೇನಿದೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. 2022ರ ಫೆಬ್ರವರಿಯಲ್ಲಿ ಕಂಪನಿಯ ವಿಮಾದಾರರು ಒಂಬತ್ತು ಕುಟುಂಬಗಳಿಗೆ 7.3 ಕೋಟಿ ಡಾಲರ್ ಕೊಡಲು ಒಪ್ಪಿದರು.

ಈ ದಾವೆ ಇನ್ನೂ ನಡೆಯುತ್ತಿರುವಾಗಲೇ ಬೇರೆಯವರೂ ಮುಂದೆ ಬಂದಿದ್ದರು. ಇಂಥ ದಾವೆಗಳಿಗೆ ತಮ್ಮ ಕಾನೂನಿನಲ್ಲೇ ದಾರಿ ಮಾಡಿಕೊಡಲು ನ್ಯೂಯಾರ್ಕ್ 2021ರಲ್ಲೇ ಮುಂದಾಗಿತ್ತು, ಮತ್ತೆ ಕೆಲವು ರಾಜ್ಯಗಳು ಸೇರಿಕೊಂಡವು. ಕಳ್ಳಸಾಗಣೆಯ ಬಂದೂಕುಗಳಿಂದ ನಲುಗಿದ ಮೆಕ್ಸಿಕೊ ಸರ್ಕಾರವೂ ಅದೇ ವರ್ಷ ಅಮೆರಿಕದ ಕಂಪನಿಗಳ ಮೇಲೆ ದಾವೆ ಹೂಡಿತು. 2025ರ ಜೂನ್ 5ರಂದು ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ಒಮ್ಮತದಿಂದ ತಳ್ಳಿಹಾಕಿತು. ಕಂಪನಿಗಳು ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವು ಎನ್ನಲು ದೂರಿನಲ್ಲಿ ಹುರುಳಿಲ್ಲ ಎಂದು ತೀರ್ಪು ಬರೆದವರು ನ್ಯಾಯಮೂರ್ತಿ ಎಲೆನಾ ಕೇಗನ್. ಪ್ರಕರಣ ವಿಚಾರಣೆಯ ಹಂತಕ್ಕೇ ಹೋಗದ ಕಾರಣ ಕಂಪನಿಗಳ ಒಳಗಿನ ಕಡತಗಳು ತೆರೆಯಲಿಲ್ಲ. ಸ್ಯಾಂಡಿ ಹುಕ್ ಕುಟುಂಬಗಳು ಮಾತ್ರ, ರಾಜಿಯ ಭಾಗವಾಗಿ, ರೆಮಿಂಗ್ಟನ್ನಿನ ಸಾವಿರಾರು ಪುಟಗಳ ಆಂತರಿಕ ದಾಖಲೆಗಳನ್ನು ಬಹಿರಂಗಪಡಿಸುವ ಹಕ್ಕನ್ನು ಪಟ್ಟು ಹಿಡಿದು ಪಡೆದಿದ್ದವು.